ಮೊಂಜಿಯಾಳ ಮಗ್ಗದ ಕೋಣೆ

ಕಿರಿಮಗಳು ನಜೆತ್ ದೂರದೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿ ಹೊರಟುಹೋದ ಮೇಲೆ ಊದ್ರೆಫ್ ಊರಿನ ಹೆಂಗಸರು ಮೊಂಜಿಯಾಳಿಗೆ ಸಮಾಧಾನ ಹೇಳಲು ಬಂದರು. ಗಂಡುಮಕ್ಕಳಿಬ್ಬರೂ ಮೊದಲೇ ತುನಿಸ್ ಸೇರಿದ್ದರು. "ಮನೆ ಬಿಕೋ ಅನ್ಸುತ್ತಲ್ವಾ?" ಎಂದು ಬಂದವರೆಲ್ಲ ಕೇಳಿದರು. ಮೊಂಜಿಯಾ ಹೂಂಗುಟ್ಟಿ, ಚಹಾ ಕೊಟ್ಟು ಕಳಿಸಿದಳು. ಒಂದಷ್ಟು ದಿನ ಅತ್ತದ್ದೂ ನಿಜ. ಆಮೇಲೆ ಅವಳಿಗೆ ನೆನಪಾದದ್ದು ತನ್ನ ಮಗ್ಗ.

ಮದುವೆಯಾದಾಗ ತವರಿನಿಂದ ತಂದ, ಆಲಿವ್ ಮರದ ನಿಲುವು ಮಗ್ಗ ಅದು. ಅವಳು ನೇಯ್ದ ಉಣ್ಣೆಯ ಜಮಖಾನೆಗಳನ್ನು ಜನ ಗಾಬೆಸ್ ಪಟ್ಟಣದಿಂದ ಬಂದು ಒಯ್ಯುತ್ತಿದ್ದರು. ನಜೆತ್ ಹುಟ್ಟಿದಾಗ ಮನೆಯಲ್ಲಿ ಜಾಗ ಸಾಲಲಿಲ್ಲ. "ಮಕ್ಕಳು ದೊಡ್ಡವರಾಗ್ಲಿ, ಮತ್ತೆ ಹಾಕ್ಕೊಡ್ತೀನಿ" ಎಂದು ಗಂಡ ಲಾರೂಸಿ ಮಗ್ಗ ಬಿಚ್ಚಿ ತಾರಸಿಗೆ ಸಾಗಿಸಿದ್ದ. ಅವಳು ನಂಬಿದ್ದಳು.

ಈಗ ಮಗಳ ಕೋಣೆಯ ಬಾಗಿಲು ತೆಗೆದರೆ ಗೋಡೆ ತುಂಬ ಹಕ್ಕಿಯ ಪಂಜರಗಳು. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತನಾದ ಲಾರೂಸಿಗೆ ಹಾಡುಹಕ್ಕಿ ಸಾಕುವ ಹುಚ್ಚು.

"ಯಾರನ್ನ ಕೇಳಿ ತಂದಿಟ್ಟೆ?" ಎಂದಳು.

"ಖಾಲಿ ಬಿದ್ದಿತ್ತಲ್ಲ."

"ನನ್ನ ಮಗ್ಗ ಇದ್ದ ಜಾಗ ಇದು. ಮಗ್ಗ ಇಳಿಸಿಕೊಡು."

ಲಾರೂಸಿ ನಕ್ಕ. "ಈ ವಯಸ್ಸಲ್ಲಿ ಮಗ್ಗನಾ? ಎಳೆ ಕಾಣ್ಸುತ್ತಾ ನಿಂಗೆ?"

ಅವಳು ನೇರ ತಾರಸಿ ಹತ್ತಿದಳು. ಅಡ್ಡದಿಮ್ಮಿಗಳು ಮೂಲೆಯಲ್ಲಿ ಬಿದ್ದಿದ್ದವು. ನಿಲುಗಂಬ ಎರಡೂ ಇರಲಿಲ್ಲ. ಕೆಳಗೆ ಬಗ್ಗಿ ಕೂಗಿ ಕೇಳಿದಳು. ಅಂಗಳದಲ್ಲಿ ನಿಂತಿದ್ದ ಲಾರೂಸಿ ದ್ರಾಕ್ಷಿ ಚಪ್ಪರದ ಕಡೆ ನೋಡಿದ, ಮತ್ತೆ ಮುಖ ತಿರುಗಿಸಿದ. ಅಷ್ಟು ಸಾಕಾಯಿತು. ಚಪ್ಪರ ಹೊತ್ತು ನಿಂತಿದ್ದ, ಸುಣ್ಣ ಬಳಿದ ಕಂಬಗಳು ಅವಳ ಮಗ್ಗದವೇ. ಆ ಚಪ್ಪರದ ಕೆಳಗೆ ಅವಳು ವರ್ಷಗಟ್ಟಲೆ ಅವನಿಗೂ ಅವನ ಸ್ನೇಹಿತರಿಗೂ ಚಹಾ ತಂದಿಟ್ಟಿದ್ದಳು, ಅವರು ಇಸ್ಪೀಟು ಆಡುತ್ತಿದ್ದರು.

ಮೊಂಜಿಯಾ ಇಳಿದು ಬಂದು ಗುದ್ದಲಿ ತೆಗೆದುಕೊಂಡಳು.

"ಬಳ್ಳಿ ಬಿದ್ದುಹೋಗುತ್ತೆ, ತಲೆ ಕೆಟ್ಟಿದೆಯಾ?" ಎಂದು ಲಾರೂಸಿ ಅಡ್ಡ ಬಂದ.

"ಬೀಳ್ಲಿ. ದೂರ ನಿಂತ್ಕೋ, ಕಾಲಿಗೆ ತಗುಲೀತು."

ಗೋಡೆಯಾಚೆಯಿಂದ ನೆರೆಮನೆಯ ಬೆಶೀರ್ ಇಣುಕಿದ. "ಏನಾಯ್ತು ಮೊಂಜಿಯಾ? ಮಕ್ಕಳು ಹೋದ ಬೇಜಾರಾ?"

"ಮಕ್ಕಳು ಹೋಗ್ಲಿ ಅಂತಾನೇ ಸಾಕಿದ್ದು," ಎಂದಳು ಮೊಂಜಿಯಾ, ಗುದ್ದಲಿ ನಿಲ್ಲಿಸದೆ. "ಹೋಗ್ಲಿ ಅಂತ ಕಾಯ್ತಾನೂ ಇದ್ದೆ. ನಿನ್ನ ಸ್ನೇಹಿತನನ್ನ ಕೇಳು, ನಾನು ಏನು ಕಾಯ್ತಿದ್ದೆ ಅಂತ."

ಚಪ್ಪರ ಮಧ್ಯಾಹ್ನದೊಳಗೆ ಕುಸಿಯಿತು. ಲಾರೂಸಿ ಹಿರಿಮಗನಿಗೆ ಫೋನ್ ಮಾಡಿ, ಫೋನನ್ನು ಅವಳ ಕಿವಿಗೆ ಹಿಡಿದ. "ಉಮ್ಮಿ, ಹೊಸ ಮಗ್ಗ ಕೊಡಿಸ್ತೀನಿ, ಜಗಳ ಯಾಕೆ?" ಎಂದ ಮಗ.

"ಹೊಸ ಕಂಬ ನಿಮ್ಮಪ್ಪನ ಬಳ್ಳಿಗೆ ಕೊಡಿಸು," ಎಂದು ಅವಳು ಮುಖ ತಿರುಗಿಸಿದಳು.

ಕಂಬಗಳ ಬುಡಕ್ಕೆ ಗೆದ್ದಲು ಹಿಡಿದಿತ್ತು. ಬಡಗಿ ಕೊಳೆತದ್ದನ್ನು ಕೊಯ್ದ ಮೇಲೆ ಮಗ್ಗ ಮೊದಲಿಗಿಂತ ಒಂದು ಮೊಳ ಗಿಡ್ಡವಾಯಿತು. ಅದನ್ನು ನೋಡಿ ಮೊಂಜಿಯಾಳಿಗೆ ಮತ್ತೊಮ್ಮೆ ಸಿಟ್ಟು ನೆತ್ತಿಗೇರಿತು. ಪಂಜರಗಳನ್ನೆಲ್ಲ ಹಜಾರಕ್ಕೆ ತಂದು ಒಟ್ಟಿದಳು. ಮೇಲಿನ ದಿಮ್ಮಿಯನ್ನು ಒಬ್ಬಳೇ ಎತ್ತಲಾಗದೆ ಅವಳು ತಿಣುಕುತ್ತಿದ್ದಾಗ ಲಾರೂಸಿ ಬಂದು ಇನ್ನೊಂದು ತುದಿ ಹಿಡಿದ, ಬೆಣೆ ಬಡಿದ, ಹೊರಟುಹೋದ. ಆ ಚಳಿಗಾಲವಿಡೀ ಅವರ ನಡುವೆ ಕೇಳಿಸಿದ್ದು ಊಟದ ತಟ್ಟೆಯ ಸದ್ದು ಮಾತ್ರ.

ಹಬ್ಬಕ್ಕೆ ನಜೆತ್ ಬಂದಳು. ಕೋಣೆಯ ಹೊಸ್ತಿಲಲ್ಲೇ ನಿಂತು, "ನನ್ನ ಮಂಚ ಎಲ್ಲಿ, ಉಮ್ಮಿ?" ಎಂದು ಕೇಳಿದಳು.

"ಹಜಾರದಲ್ಲಿದೆ. ನಿಮ್ಮಪ್ಪನ ಹಕ್ಕಿಗಳ ಜೊತೆ."

"ಹಾಗಾದ್ರೆ ನನಗೆ ಈ ಮನೇಲಿ ಒಂದು ಮೂಲೆನೂ ಇಲ್ವಾ?"

ಮೊಂಜಿಯಾಳ ಬೆರಳುಗಳು ಕೆಂಪು ಎಳೆಯ ಮೇಲೆ ಓಡುತ್ತಲೇ ಇದ್ದವು. "ಮುಖ ಊದಿಸ್ಕೊಂಡು ನಿಲ್ಬೇಡ. ಬಾಗಿಲು ಬಿಟ್ಟು ಈಚೆ ಬಾ, ಬೆಳಕು ಬೀಳ್ಲಿ," ಎಂದಳು.