ಕಾನ್ವೆಂಟ್ ಗೇಟಿನ ಒಂದು ಸುರುಳಿ

ಮಾತು ಕೊಟ್ಟವಳು ನಾನು, ಅದನ್ನು ಉಳಿಸಬೇಕಾಗಿ ಬಂದದ್ದು ನನ್ನ ಮಾವನಿಗೆ.

ಅರವತ್ತರ ದಶಕದ ಕೊನೆ. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ, ಗಂಡ ದೂರದ ಊರಿನಲ್ಲಿ ಕೆಲಸದಲ್ಲಿದ್ದರು. ಸೇಲಂನಲ್ಲಿ ನಾನು ಓದಿದ ಕಾನ್ವೆಂಟಿನಿಂದ ಒಂದು ಲೆಟರ್ ಬಂತು. ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಸ್ಕೂಲಿನ ದೊಡ್ಡ ಗೇಟಿಗೆ ಗುದ್ದಿ, ಅದರ ಒಂದು ಜೋಡಿ ಕಬ್ಬಿಣದ ಸುರುಳಿಯನ್ನು ಕಿತ್ತು ಚಕ್ರದಡಿ ಹಾಕಿ ನಜ್ಜುಗುಜ್ಜು ಮಾಡಿತ್ತು. ಊರಿನ ವೆಲ್ಡಿಂಗ್ ಅಂಗಡಿಯವರೆಲ್ಲ ಸುರುಳಿ ಆಗುವುದಿಲ್ಲ, ನೇರ ಕಂಬಿ ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ. ನಿನ್ನ ಮಾವ ಬ್ಲ್ಯಾಕ್‌ಸ್ಮಿತ್ ಅಲ್ಲವೇ, ಜೂನ್‌ನಲ್ಲಿ ಸ್ಕೂಲ್ ತೆರೆಯುವುದರೊಳಗೆ ಮಾಡಿಕೊಡಬಲ್ಲರೇ ಎಂದು ನನಗೆ ಡ್ರಾಯಿಂಗ್ ಕಲಿಸಿದ್ದ ಸಿಸ್ಟರ್ ಕೇಳಿದ್ದರು. ನಾನು ಯಾರನ್ನೂ ವಿಚಾರಿಸದೆ ಅಂದೇ ಉತ್ತರ ಬರೆದೆ. ಸರ್ಟನ್ಲಿ ಸಿಸ್ಟರ್, ಹಿ ಕ್ಯಾನ್ ಮೇಕ್ ಎನಿಥಿಂಗ್.

ಎಷ್ಟು ದೊಡ್ಡ ಮಾತು ಬರೆದೆನೆಂಬುದು ನಾಲ್ಕು ದಿನ ಬಿಟ್ಟು ಗೊತ್ತಾಯಿತು. ಕಾನ್ವೆಂಟಿನ ತೋಟಗಾರ ಮೇಚೇರಿಯಲ್ಲಿ ಬಸ್ಸಿಳಿದು, ಬಿಸಿಲಲ್ಲಿ ನಮ್ಮ ಹಳ್ಳಿಗೆ ನಡೆದು ಬಂದು, ಅಂಗಳದಲ್ಲಿ ಒಂದು ಗೋಣಿಚೀಲ ಇಳಿಸಿದ. ಒಳಗಿದ್ದದ್ದು ಮುರಿದದ್ದರಂಥದೇ ಇನ್ನೊಂದು ಸುರುಳಿ ಜೋಡಿ, ಗೇಟಿನ ಇನ್ನೊಂದು ಬಾಗಿಲಿನಿಂದ ಬಿಚ್ಚಿ ತಂದದ್ದು. ಮೊಳಕೈ ಉದ್ದದ ಎರಡು ಸುರುಳಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತು, ನಡುವೆ ಒಂದು ಕಬ್ಬಿಣದ ಬಳೆಯಿಂದ ಬಿಗಿದುಕೊಂಡಿದ್ದವು. ಆ ಗೇಟು ಫ್ರಾನ್ಸಿನಿಂದ ಹಡಗಿನಲ್ಲಿ ಬಂದದ್ದೆಂದು ಸ್ಕೂಲಿನ ಪ್ರತಿ ಹುಡುಗಿಗೂ ಹೇಳಿಕೊಡುತ್ತಿದ್ದರು. ತೋಟಗಾರನೂ ಹೊರಡುವ ಮುಂಚೆ ಅದನ್ನೇ ಹೇಳಿ ಹೋದ.

ನನ್ನ ಮಾವ ಅಂಥ ಕೆಲಸ ಜನ್ಮದಲ್ಲಿ ಮಾಡಿದವರಲ್ಲ. ಮನೆಗೆ ಅಂಟಿಕೊಂಡಂತೆ ಇಳಿಸಿದ ಮಾಡಿನ ಕೆಳಗೆ ಅವರ ಕುಲುಮೆ. ನೇಗಿಲಿನ ಗುಳ, ಕುಡುಗೋಲು, ಗಾಡಿ ಚಕ್ರದ ಪಟ್ಟಿ, ಕುರಿಯವರು ಜಾಲಿ ಕೊಂಬೆ ಎಳೆಯುವ ದೋಟಿಯ ಕತ್ತಿ, ಇಷ್ಟೇ ಅವರ ಲೋಕ. ಸೊಸೆಯ ಜೊತೆ ನೇರವಾಗಿ ಮಾತಾಡುವ ಪದ್ಧತಿಯೂ ಆ ಮನೆಯಲ್ಲಿರಲಿಲ್ಲ. ನಾನು ಕಂಬದ ಮರೆಗೆ ನಿಂತಿದ್ದೆ. ಅವರು ಅತ್ತೆಯ ಕಡೆ ತಿರುಗಿದರು.

“ಯಾರಂತೆ ಒಪ್ಕೊಂಡೋರು, ಕೇಳು.”

“ಅವಳೇ. ಕಾಗ್ದ ಬರ್ದವ್ಳೆ,” ಎಂದರು ಅತ್ತೆ. ಆಮೇಲೆ ನನಗೆ, “ಏನಮ್ಮಿ, ನಮ್ಮನ್ನ ಒಂದು ಮಾತು ಕೇಳ್ಬಾರ್ದಾ? ಕಲ್ಯಾಣಕ್ಕೆ ಅಡಿಗೆ ಮಾಡ್ತೀನಿ ಅಂತ ಬರ್ದಿದ್ರೆ ನಾನಾದ್ರೂ ಓಗ್ತಿದ್ದೆ.”

“ನಾಳೆ ಆಗಲ್ಲ ಅಂತ ಬರೆದುಬಿಡ್ತೀನಿ ಅತ್ತೆ. ಸಾರಿ ಅಂತ.”

ಮಾವ ಸುರುಳಿಯನ್ನು ತಿರುಗಿಸಿ ನೋಡುತ್ತಿದ್ದರು. “ಬರೀಬೇಡ ಅಂತ ಏಳು. ಒಂದ್ಸಲ ನನ್ನ ಎಸ್ರು ಕಾಗ್ದದಲ್ಲಿ ಓಯ್ತು, ಓಯ್ತು. ಇನ್ನು ಕಬ್ಬಿಣ ಏನಂತದೋ ನೋಡಾಣ.”

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಬೇಕಾದ ಪಟ್ಟಿಯ ಉದ್ದ ಅಳೆದವರು ಅತ್ತೆ. ಒದ್ದೆ ಮಾಡಿದ ನೂಲನ್ನು ಹಳೆಯ ಸುರುಳಿಯ ಮೈಮೇಲೆ ಬಳ್ಳಿಯಂತೆ ಕೂರಿಸುತ್ತ ಹೋಗಿ, ತುದಿ ಮುಟ್ಟಿದಾಗ ಗಂಟು ಹಾಕಿ, ಬಿಚ್ಚಿ ನೇರ ಹಿಡಿದರು. ನಾನು ಸ್ಕೂಲಿನಲ್ಲಿ ಕಾಂಪಸ್ಸು ಡಿವೈಡರು ಇಟ್ಟುಕೊಂಡು ಸ್ಪೈರಲ್ ಎಳೆದವಳು. ಅದರ ಉದ್ದ ಕಂಡುಹಿಡಿಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೂ ಅದೊಂದು ಪೇಜು ತುಂಬುವ ಸಮ್ ಆಗಿರುತ್ತಿತ್ತು.

ದೊಡ್ಡ ಸುತ್ತಿಗೆ ಎತ್ತುವವರೂ ಅತ್ತೆಯೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾಲಗಲಿಸಿ ನಿಂತರೆಂದರೆ ಅಡಿಗೆಮನೆಯಲ್ಲಿ ಮಂಡಿನೋವೆಂದು ನರಳುತ್ತಿದ್ದ ಹೆಂಗಸು ಇವರೇನಾ ಎನ್ನಿಸುತ್ತಿತ್ತು. ಮಾವ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಅವರ ಚಿಕ್ಕ ಸುತ್ತಿಗೆ ಎಲ್ಲಿ ಮುಟ್ಟಿತೋ ಅತ್ತೆಯ ದೊಡ್ಡ ಸುತ್ತಿಗೆ ಅಲ್ಲಿಗೇ ಬೀಳುತ್ತಿತ್ತು. ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ, ಜೋರಾಗಿ ಮುಟ್ಟಿದರೆ ಜೋರಾಗಿ. ಚಿಕ್ಕದನ್ನು, ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಮಲಗಿಸಿದರೆ ನಿಲ್ಲಿಸು ಎಂದರ್ಥ. ತಿದಿ ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ಅಡಿಗಲ್ಲಿನ ಅಂಚಿಗೆ ಎರಡು ಸಲ ಟಿಣ್ ಎಂದರೆ ಇನ್ನೂ ಗಾಳಿ ಬೇಕು, ಒಂದು ಸಲ ಎಂದರೆ ಸಾಕು. ಮಾವ ನನ್ನ ಜೊತೆ ಆಡಿದ ಮೊದಲ ಮಾತುಗಳು ಅವು. ಮೂರು ಜನ ಹಾಗೆ ತುಟಿ ಬಿಚ್ಚದೆ ಕೆಲಸ ಮಾಡುವುದನ್ನು ನಾನು ಚರ್ಚಿನಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡಿರಲಿಲ್ಲ.

ಆದರೂ ಸುರುಳಿ ಬರಲಿಲ್ಲ. ಪಟ್ಟಿಯ ತುದಿಯನ್ನು ಬಡಿದು ವೀಳ್ಯದೆಲೆಯಷ್ಟು ತೆಳ್ಳಗೆ ಮಾಡಿ, ಅಡಿಗಲ್ಲಿನ ಅಂಚಿನಲ್ಲಿ ಮಡಿಸಿ, ಸುರುಳಿಯ ನಟ್ಟನಡುವಿನ ಒಳಗಣ್ಣು ಮೂಡಿಸುವವರೆಗೆ ಎಲ್ಲವೂ ಸರಿ. ಆಮೇಲಿನ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಬಳುಕು ನಿಂತು ಚಪ್ಪಟೆಯಾಗುತ್ತಿತ್ತು. ಮೊದಲನೆಯದು ಹಾಗೆ, ಎರಡನೆಯದೂ ಹಾಗೆ. ಮೂರನೆಯದರ ತುದಿ, ನಾನು ಗಾಳಿ ಜಾಸ್ತಿ ಕೊಟ್ಟದ್ದಕ್ಕೆ, ಕಿಡಿ ಕಾರಿ ಸುಟ್ಟುಹೋಯಿತು. ಅತ್ತೆ ನನ್ನ ಕಡೆ ನೋಡಿ ದೊಡ್ಡ ಸುತ್ತಿಗೆಯನ್ನು ಗೋಡೆಗೊರಗಿಸಿದರು.

“ಕೈ ಕುಡುಗೋಲಿಗೇ ಓಯ್ತದೆ,” ಎಂದರು ಮಾವ. “ಅರ್ಧ ಬಳುಕಿದ್ರೆ ಸಾಕು ಅಂತ ನಿಂತ್ಬುಡ್ತದೆ. ಇದು ನಿಲ್ದೇ ಓಗ್ತಾನೇ ಇರ್ಬೇಕು. ದೊರೆಗಳು ಮಿಷಿನ್ನಲ್ಲಿ ಮಾಡವ್ರೆ ಇದನ್ನ.”

“ಅಂಗಾದ್ರೆ ಮಿಷಿನ್ನೇ ತಂದು ಬಡ್ಕೊಳ್ಳಿ ಅನ್ನಾಣ,” ಎಂದರು ಅತ್ತೆ. “ಮೂರು ದಿನದಿಂದ ಒಲೆ ಮೇಲೆ ಗಂಜಿ ಬುಟ್ರೆ ಬೇರೇನೂ ಇಲ್ಲ.”

ಆ ಸಂಜೆ ಊಟ ಬಡಿಸುವಾಗ ಮಾವನ ತಟ್ಟೆಯ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ. ಸ್ಕೂಲ್ ತೆರೆಯಲು ಎಂಟು ದಿನ ಉಳಿದಿತ್ತು. ಎಂಥ ಸ್ಟುಪಿಡ್ ಕಾಗದ ಬರೆದೆ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ಮಾವ ಹೊಸ ಪಟ್ಟಿಯನ್ನು ಬೆಂಕಿಗಿಡಲಿಲ್ಲ. ಹಳೆಯ ಸುರುಳಿಯನ್ನೇ ಕೆಂಡದ ಮೇಲಿಟ್ಟು ಅದರ ಬಣ್ಣ ಸುಡಲು ಬಿಟ್ಟರು. ವರ್ಷವರ್ಷವೂ ಬಳಿದ ಕರಿ ಪೇಂಟು ಪದರಪದರವಾಗಿ ಉಬ್ಬಿ ಸಿಪ್ಪೆಯಂತೆ ಉದುರಿತು. ಆರಿದ ಮೇಲೆ ಅದನ್ನು ಬಾಗಿಲ ಬಿಸಿಲಿಗೆ ಹಿಡಿದು ಬೆರಳಿನಿಂದ ಒಳಮೈ ಸವರುತ್ತ ಹೋದರು. ಬೆರಳು ನಿಂತಿತು. ಮತ್ತೆ ಸವರಿದರು.

“ಏ, ಬಾ ಇಲ್ಲಿ. ಅವಳ್ನೂ ಬರೇಳು.”

ಸುರುಳಿಯ ಒಳ ಅಂಚಿನಲ್ಲಿ ಎಳ್ಳುಕಾಳಿನಷ್ಟು ಸಣ್ಣ ಚುಕ್ಕಿಗಳಿದ್ದವು. ಮೊನೆಯುಳಿಯಿಂದ ಕುಟ್ಟಿದವು. ಒಳಗಣ್ಣಿನ ಹತ್ತಿರ ಒತ್ತೊತ್ತಾಗಿ, ಹೊರಗೆ ಬರುತ್ತ ಒಂದರಿಂದ ಒಂದು ದೂರವಾಗಿ. ಒಂದೊಂದು ಚುಕ್ಕಿಗೆ ಒಂದೊಂದು ಬಳುಕು. ಕೈ ಎಲ್ಲಿಯೂ ಮೈಮರೆಯಬಾರದೆಂದು, ಪಟ್ಟಿ ನೆಟ್ಟಗಿದ್ದಾಗಲೇ ಯಾರೋ ಗುರುತು ಮಾಡಿಕೊಂಡಿದ್ದರು. ಮಾವ ನಡುವಿನ ಬಳೆಯನ್ನು ಉಳಿಯಿಂದ ಮೆಲ್ಲಗೆ ಬಿಡಿಸಿದರು. ಅದು ಮುಚ್ಚಿಕೊಂಡಿದ್ದ ಜಾಗದಲ್ಲಿ, ಪೇಂಟು ಮುಟ್ಟದ ಕಬ್ಬಿಣದ ಮೇಲೆ ಏನೋ ಕೆತ್ತಿತ್ತು. ನನಗೆ ಅದು ಗೀಚಿದಂತೆ ಕಂಡಿತು. ಎಂಟು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವಳಿಗೆ ಅದನ್ನು ಓದಲು ಬರಲಿಲ್ಲ.

“ನಾಲ್ಕು,” ಎಂದರು ಮಾವ. “ಹಳೇ ತಮಿಳ್ ಅಂಕಿ. ನಮ್ಮಪ್ಪ ಗಾಡಿ ಚಕ್ರದ ಕಡ್ಡಿಗಳಿಗೆ ಇಂಗೇ ಕೆತ್ತೋನು, ಯಾವುದು ಎಲ್ಲಿಗೆ ಅಂತ.”

ಮಾವ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡರು, ದೊಡ್ಡವರ ಮುಂದೆ ನಿಂತಾಗ ಸುತ್ತಿಕೊಳ್ಳುವ ಹಾಗೆ.

“ಹಡಗೂ ಇಲ್ಲ, ದೊರೆಯೂ ಇಲ್ಲ,” ಎಂದರು. “ನಮ್ಮಂಥೋನು ಯಾವನೋ ಇಂಗೇ ಕುಕ್ಕರಗಾಲಲ್ಲಿ ಕೂತು ಮಾಡವ್ನೆ. ಎಂಥಾ ಕೈ ಅವನ್ದು.”

“ಅವನ ಎಂಡ್ರು ದೊಡ್ಡ ಸುತ್ಗೆ ಎತ್ತಿರ್ತಾಳೆ. ಅವಳ್ದೂ ಏಳಿ,” ಎಂದರು ಅತ್ತೆ.

ಅಂದಿನ ಸುರುಳಿಯನ್ನು ನಾನು ಇವತ್ತಿಗೂ ಕಣ್ಣುಮುಚ್ಚಿ ನೋಡಬಲ್ಲೆ. ಮಾವ ಹಳೆಯ ಚುಕ್ಕಿಗಳ ಅಂತರವನ್ನು ಅದೇ ಒದ್ದೆ ನೂಲಿನಿಂದ ಹೊಸ ಪಟ್ಟಿಗೆ ಇಳಿಸಿಕೊಂಡರು. ಪಟ್ಟಿ ಕೆಂಡದೊಳಗಿಂದ ಬಂದಾಗ ಮಾಗಿದ ಮಾವಿನ ಬಣ್ಣ. ಚುಕ್ಕಿಗೊಂದು ಪೆಟ್ಟು, ತಿರುವು. ಚುಕ್ಕಿಗೊಂದು ಪೆಟ್ಟು, ತಿರುವು. ಅಷ್ಟು ಗಟ್ಟಿ ವಸ್ತು ಅವರ ಇಕ್ಕಳದ ತುದಿಯಲ್ಲಿ ತಾನಾಗಿಯೇ ಮುದುಡಿಕೊಳ್ಳುತ್ತಿದೆಯೇನೋ ಎನ್ನಿಸಿತು, ನಿದ್ದೆ ಬಂದ ಮಗು ಮೈ ಮಡಿಸಿಕೊಳ್ಳುವಂತೆ. ಬಣ್ಣ ಆರಿದಾಗ ಮತ್ತೆ ಬೆಂಕಿಗೆ. ಕೊನೆಗೆ ಚಿಕ್ಕ ಸುತ್ತಿಗೆ ಅಡಿಗಲ್ಲಿನ ಮೇಲೆ ಮಲಗಿತು. ಹಳೆಯದರ ಪಕ್ಕ ಹೊಸದನ್ನಿಟ್ಟರು. ಎಲ್ಲಿಯೂ ಚಪ್ಪಟೆ ಇರಲಿಲ್ಲ.

“ಪೋದುಂ, ಸಾಕು,” ಎಂದು ಅತ್ತೆ ಗೋಡೆಗೊರಗಿ ಕೂತರು. ಅದರ ಜೋಡಿಯನ್ನು ಮರುದಿನ ಮಾಡಿದರು. ಅದು ಇನ್ನೂ ಬೇಗ ಆಯಿತು.

ಮೂವರೂ ಸೇಲಂ ಬಸ್ಸು ಹತ್ತಿದೆವು. ಕಂಡಕ್ಟರ್ ಗೋಣಿಚೀಲಕ್ಕೂ ಲಗೇಜ್ ಟಿಕೆಟ್ ಹರಿದ. ಕಾನ್ವೆಂಟಿನ ಅಡಿಗೆಮನೆಯ ಹಿಂದೆ ಇದ್ದಿಲು ಹೊತ್ತಿಸಿ, ಬಳೆಗಳನ್ನು ಕೆಂಪಗೆ ಕಾಯಿಸಿ, ಮಾವ ಹೊಸದನ್ನೂ ಹಳೆಯದನ್ನೂ ಅವುಗಳ ಜಾಗದಲ್ಲಿ ಬಿಗಿದರು. ಬಳೆ ಆರುತ್ತ ತಾನೇ ಕಚ್ಚಿಕೊಂಡಿತು, ವೆಲ್ಡಿಂಗ್ ಬೇಕಾಗಲಿಲ್ಲ. ಸಿಸ್ಟರ್ ಗೇಟನ್ನು ಒಮ್ಮೆ ತೆಗೆದು ಒಮ್ಮೆ ಹಾಕಿ ನೋಡಿದರು.

“ಟೆಲ್ ಹಿಮ್ ಇಟ್ ಈಸ್ ಪರ್ಫೆಕ್ಟ್,” ಎಂದರು ನನಗೆ.

ನಾನು ಅತ್ತೆಗೆ ಹೇಳಿದೆ, ಅತ್ತೆ ಮಾವನಿಗೆ ಹೇಳಿದರು. ಮಾವ ಸಿಸ್ಟರನ್ನಲ್ಲ, ಸುರುಳಿಯನ್ನು ನೋಡುತ್ತಿದ್ದರು.

“ಇಲ್ಲ. ಎಡಗಡೇದು ಎರಡನೇ ಸುತ್ನಲ್ಲಿ ಒಂದು ಕೂದ್ಲು ಬಿಗಿ ಆಗೈತೆ. ಬಿಚ್ಕೊಂಡು ಓಗಿ ಬರೋ ವಾರ ತರ್ಲಾ ಅಂತ ಕೇಳು.”

ಮಾತು ಅತ್ತೆಯಿಂದ ನನಗೆ, ನನ್ನಿಂದ ಸಿಸ್ಟರಿಗೆ ಹೋಯಿತು. “ವೇರ್?” ಎಂದು ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅತ್ತೆ ಬಗ್ಗಿದರು. ನಾನೂ ಬಗ್ಗಿದೆ. ಇನ್ನೂ ಬೆಚ್ಚಗಿದ್ದ ಕಬ್ಬಿಣಕ್ಕೆ ಮೂವರು ಹೆಂಗಸರು ಮೂಗು ತಾಗುವಷ್ಟು ಹತ್ತಿರದಿಂದ, ಮಾವ ಬೆರಳಿಟ್ಟು ತೋರಿಸಿದ ಜಾಗವನ್ನೇ ನೋಡಿದೆವು. ನಮಗೆ ಯಾರಿಗೂ ಏನೂ ಕಾಣಲಿಲ್ಲ.