ಮೂಲೆಯ ಠಸ್ಸೆ

ನನ್ನ ನಾದಿನಿಯನ್ನು ನಮ್ಮ ಬೀದಿಯ ಮಕ್ಕಳು ಠಸ್ಸೆ ಅತ್ತೆ ಎಂದು ಕರೆಯುತ್ತಾರೆ. ಅವಳಿಗೆ ಅದರಿಂದ ಬೇಸರವೇನೂ ಇಲ್ಲ. ಬಟ್ಟೆ ಗಿರಣಿಯಲ್ಲಿ ಅವಳು ಪ್ರಾಯದಿಂದ ಮುಪ್ಪಿನವರೆಗೆ ಮಾಡಿದ ಕೆಲಸವೇ ಠಸ್ಸೆ ಒತ್ತುವುದು. ಮದುವೆ ಕೂಡಿಬರಲಿಲ್ಲ. ಗಿರಣಿ ಮುಚ್ಚಿದ ಮೇಲೆ ನಮ್ಮ ಮನೆಗೇ ಬಂದಳು.

ಅವಳ ಕೆಲಸ ಹೀಗಿತ್ತು. ನೇಯ್ದು, ತೊಳೆದು, ಮಡಿಸಿದ ಬಿಳಿ ಬಟ್ಟೆಯ ಥಾನುಗಳು ಅವಳ ಮುಂದಿನ ಉದ್ದ ಮೇಜಿಗೆ ಬರುತ್ತಿದ್ದವು. ಥಾನಿನ ತುದಿಯನ್ನು ಎಡಗೈಯಲ್ಲಿ ಸವರಿ ಸುಕ್ಕು ತೆಗೆಯಬೇಕು. ಮರದ ಅಚ್ಚನ್ನು ನೀಲಿ ಶಾಯಿ ಕುಡಿದ ಕಂಬಳಿ ತುಂಡಿಗೆ ಮುಟ್ಟಿಸಿ, ಬಟ್ಟೆಯ ಮೂಲೆಯ ಮೇಲಿಟ್ಟು, ಅಚ್ಚಿನ ಬೆನ್ನಿಗೆ ಮುಷ್ಟಿಯಿಂದ ಒಂದೇ ಗುದ್ದು ಹಾಕಬೇಕು. ಇನ್ನೊಂದು ಗುದ್ದು ಬಿದ್ದರೆ ಗುರುತು ಜೋಡಿಯಾಗುತ್ತದೆ. ಗುರುತು ಎಂದರೆ ಒಂದು ದೇಟು, ಅದಕ್ಕೆ ಎರಡು ಎಲೆ. ಮೂಲೆ ಎಂದರೆ ಮೂಲೆಯೇ. ನಡುಬಟ್ಟೆಗೆ ಒಂದು ಹನಿ ಶಾಯಿ ಬಿದ್ದರೂ ಥಾನು ಕೆಟ್ಟ ಹಾಗೆ, ಮೇಸ್ತ್ರಿ ಎಲ್ಲರ ಮುಂದೆ ಮಾನ ತೆಗೆಯುತ್ತಿದ್ದ. ನಡುಬಟ್ಟೆ ಉಡುವವರಿಗೆ ಸೇರಿದ್ದು, ಅದರ ಮೇಲೆ ನಮ್ಮ ಕೈ ಸುಳಿಯಬಾರದು ಎಂದು ಕೆಲಸ ಕಲಿಸಿದ ಹಿರಿಯಳು ಮೊದಲ ದಿನವೇ ಹೇಳಿದ್ದಳಂತೆ.

ನನ್ನ ಯಜಮಾನರು, ಎಂದರೆ ಅವಳ ಅಣ್ಣ, ದರ್ಜಿ. ಅದೇ ಗಿರಣಿಯ ಬಟ್ಟೆ ನಮ್ಮ ಅಂಗಡಿಗೂ ಬರುತ್ತಿತ್ತು. ಬಟ್ಟೆ ಮೇಜಿನ ಮೇಲೆ ಹಾಸಿದ ಕೂಡಲೇ ಅವರು ಮೊದಲು ಕತ್ತರಿಸುತ್ತಿದ್ದುದು ಠಸ್ಸೆ ಇದ್ದ ತುದಿಯನ್ನು. ಅವರಿಗೆ ಕೈ ಬಿಡುವಿಲ್ಲದಿದ್ದರೆ ನಾನೇ ಕತ್ತರಿಸುತ್ತಿದ್ದೆ. ರಜೆಯ ದಿನ ಅಂಗಡಿಗೆ ಬಂದ ನಾದಿನಿ ಇದನ್ನು ನೋಡಿದಳು.

"ಅಣ್ಣ, ನಾನು ಒತ್ತೋದು, ನೀನು ಕತ್ತರಿಸೋದು. ಒಂದೇ ತಾಯಿ ಮಕ್ಕಳು ನಾವು, ನೆನಪಿರಲಿ," ಎಂದಳು.

"ನೀನು ಒತ್ತದೇ ಇದ್ರೆ ನನ್ನ ಕತ್ತರಿಗೆ ಮೊದಲ ತುತ್ತು ಎಲ್ಲಿಂದ ಬರ್ಬೇಕು?" ಎಂದರು ಅವರು, ತಲೆ ಎತ್ತದೆ.

ಮೂವರೂ ನಕ್ಕೆವು. ಆದರೆ ಅವಳನ್ನು ಬಸ್ಸಿಗೆ ಬಿಡಲು ಹೋದಾಗ ದಾರಿಯಲ್ಲಿ ಅವಳು ಬೇರೆ ಮಾತಾಡಿದಳು. ಬೆಳಗಿನಿಂದ ಸಂಜೆಯವರೆಗೆ ಒತ್ತುತ್ತೇನೆ, ಇದು ನಾನು ಒತ್ತಿದ್ದು ಎಂದು ತೋರಿಸಲು ಊರಿನಲ್ಲಿ ಒಂದೂ ಇಲ್ಲ ಎಂದಳು. ಅಳಲಿಲ್ಲ, ದೂರಲೂ ಇಲ್ಲ. ಚಪ್ಪಲಿ ಕಿತ್ತುಹೋಗಿದೆ ಎನ್ನುವ ಹಾಗೆ ಹೇಳಿದಳು. ಬಸ್ಸು ಬಂತು, ಹತ್ತಿದಳು.

ಯಜಮಾನರು ಹೋದರು, ಗಿರಣಿಯೂ ಹೋಯಿತು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಮೇಲಿನ ಮನೆಯಲ್ಲಿ ನಿವೃತ್ತರಾದ ಡ್ರಾಯಿಂಗ್ ಟೀಚರ್ ಇದ್ದಾರೆ. ಅವರಿಗೆ ಅಂಚೆಯಲ್ಲಿ ಕರಕುಶಲದ ಒಂದು ಪತ್ರಿಕೆ ಬರುತ್ತದೆ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ನಾದಿನಿಗೆ ಅಷ್ಟೂ ಬಾರದು. ಹಾಗಾಗಿ ಟೀಚರೇ ಓದಿ ಹೇಳುವ ರೂಢಿ. ಒಂದು ಮಧ್ಯಾಹ್ನ ಅವರು ಕಡೆಯ ಪುಟಗಳನ್ನು ತೋರಿಸಿದರು. ಓದುಗರು ಕೈಯಿಂದ ಠಸ್ಸೆ ಒತ್ತಿ ಮಾಡಿದ ಶುಭಾಶಯದ ಕಾರ್ಡುಗಳು, ಪ್ರತಿಯೊಂದರ ಕೆಳಗೆ ಮಾಡಿದವರ ಹೆಸರು, ಮಾಡುವ ವಿಧಾನ.

ನಾದಿನಿ ಪುಟದ ಮೇಲೆ ಬೆರಳಾಡಿಸಿ, ಇದು ಅಳಿಸಿಹೋಗುವುದಿಲ್ಲವೇ ಎಂದು ಕೇಳಿದಳು. ಟೀಚರ್, ಪುಸ್ತಕ ಇರುವವರೆಗೂ ಇರುತ್ತದೆ, ಎಷ್ಟೋ ಜನ ಇವನ್ನು ಕಟ್ಟಿಸಿ ಇಟ್ಟುಕೊಳ್ಳುತ್ತಾರೆ ಎಂದರು. ಅಷ್ಟು ಸಾಕಾಯಿತು ಅವಳಿಗೆ.

ಮಾರನೆಯ ದಿನ ನನ್ನ ಹಳೆಯ ರಬ್ಬರ್ ಚಪ್ಪಲಿ ಕಾಣೆಯಾಗಿತ್ತು. ನೋಡಿದರೆ ಹಿತ್ತಿಲ ಬಾಗಿಲಲ್ಲಿ ಕೂತು ಅದರ ಅಟ್ಟೆಯನ್ನು ಬ್ಲೇಡಿನಿಂದ ಕೊರೆಯುತ್ತಿದ್ದಾಳೆ. ಅಟ್ಟೆಯಿಂದ ಒಂದು ಚಹಾ ಬಟ್ಟಲು ಹುಟ್ಟಿತು, ಒಂದು ಬೆಕ್ಕು ಹುಟ್ಟಿತು, ನನ್ನ ಹೊಲಿಗೆ ಯಂತ್ರ ಹುಟ್ಟಿತು. ಯಂತ್ರದ ಚಕ್ರಕ್ಕೆ ಕಡ್ಡಿಗಳನ್ನೂ ಬಿಡದೆ ಕೊರೆದಿದ್ದಳು. ಒತ್ತುವಾಗ ಮಾತ್ರ ಗಿರಣಿಯ ಗುದ್ದೇ ಬಿದ್ದು, ಮೇಜಿನ ಮೇಲಿನ ಲೋಟಗಳೆಲ್ಲ ಹಾರಿದವು. ಕಾರ್ಡಿನ ಮೇಲೆ ಸಿಟ್ಟೇ ಎಂದು ಟೀಚರ್ ನಕ್ಕರು. ನಿಧಾನವಾಗಿ ಅಂಗೈಯಲ್ಲಿ ಒತ್ತುವುದನ್ನು ಕಲಿತಳು. ಆಮೇಲೆ ಅವಳ ಒತ್ತು ನೋಡಬೇಕಿತ್ತು. ಬೆಕ್ಕಿನ ಮೀಸೆ ಕೂದಲು ಬೇರೆ ಬೇರೆಯಾಗಿ ಬೀಳುತ್ತಿತ್ತು.

ಚೆಂದದ ಕೆಲವು ಕಾರ್ಡುಗಳನ್ನು ಆರಿಸಿ ಟೀಚರ್ ಪತ್ರಿಕೆಗೆ ಕಳುಹಿಸಿಕೊಟ್ಟರು. ಅಂಚೆಯವನ ಸೈಕಲ್ಲಿನ ಗಂಟೆಗೆ ನಾದಿನಿ ಕಿವಿ ನಿಮಿರಿಸಿಕೊಂಡು ಕೂರತೊಡಗಿದಳು. ಕಾರ್ಡುಗಳು ವಾಪಸು ಬಂದವು. ಜೊತೆಗಿದ್ದ ಚೀಟಿಯನ್ನು ಟೀಚರ್ ಓದಿದರು. ಒತ್ತು ಬಹಳ ಶುದ್ಧವಾಗಿದೆ, ಆದರೆ ಚಿತ್ರವೆಲ್ಲ ಒಂದು ಮೂಲೆಯಲ್ಲಿದ್ದು ನಡುವೆ ಖಾಲಿ ಬಿಟ್ಟಿದ್ದೀರಿ, ಕೆಲಸ ಅರ್ಧಕ್ಕೆ ನಿಂತಂತೆ ಕಾಣುತ್ತದೆ ಎಂದಿತ್ತು. ಆಗಲೇ ನಾನೂ ಗಮನಿಸಿದ್ದು. ಬಟ್ಟಲಾಗಲಿ ಬೆಕ್ಕಾಗಲಿ ಎಲ್ಲವೂ ಎಡಗಡೆ ಕೆಳಮೂಲೆಯಲ್ಲಿ ಮುದುಡಿ ಕೂತಿದ್ದವು.

ಇನ್ನೊಂದು ಸಲ ಕಳುಹಿಸಿದರು. ಅದೇ ಉತ್ತರ ಬಂತು. ಪತ್ರಿಕೆಯವರ ಮಾತಿನಲ್ಲಿ ತಪ್ಪಿಲ್ಲ, ಬೆಕ್ಕನ್ನು ಸ್ವಲ್ಪ ನಡುವಿಗೆ ಎಳೆದರೆ ಆಯಿತಲ್ಲ ಎಂದರು ಟೀಚರ್. ನಾದಿನಿ ಎಳೆಯಲು ನೋಡಿದಳು. ಅಚ್ಚು ಹಿಡಿದ ಕೈ ಕಾರ್ಡಿನ ನಡುವೆ ಹೋಗಿ ನಿಲ್ಲುತ್ತಿತ್ತು, ಒತ್ತುವ ಗಳಿಗೆಗೆ ತಾನಾಗಿ ಮೂಲೆಗೆ ಜಾರುತ್ತಿತ್ತು. ಹಟ ಮಾಡಿ ಒತ್ತಿದರೆ ಬೆಕ್ಕು ಜೋಡಿಯಾಗುತ್ತಿತ್ತು.

"ಕೈ ನಡುಗುತ್ತಾ ಏನೇ?" ಎಂದು ಕೇಳಿದೆ.

"ಇಲ್ಲ ಅತ್ತಿಗೆ. ಮೇಸ್ತ್ರಿ ಬೈತಾನೆ ಅನ್ಸುತ್ತೆ."

"ಅವನು ಸತ್ತು ಯಾವ ಕಾಲ ಆಯ್ತು!"

"ಸತ್ತೋರು ಬಯ್ಯಲ್ಲ ಅಂತ ನಿಮಗ್ಯಾರು ಹೇಳಿದ್ರು?"

ಮಾತು ತಮಾಷೆಯದೇ, ಮುಖ ಮಾತ್ರ ತಮಾಷೆಯದಾಗಿರಲಿಲ್ಲ. ಅಚ್ಚುಗಳನ್ನೆಲ್ಲ ಒರೆಸಿ ಬಿಸ್ಕತ್ತಿನ ಡಬ್ಬಿಗೆ ತುಂಬಿ, ಡಬ್ಬಿಯನ್ನು ಮಂಚದ ಕೆಳಕ್ಕೆ ತಳ್ಳಿದಳು. ತನ್ನ ಕೈಯಿಂದ ಒತ್ತಿದ್ದು ಯಾವುದೂ ನಿಲ್ಲುವುದಿಲ್ಲ, ಅದನ್ನು ಈ ವಯಸ್ಸಿನಲ್ಲಿ ಹೊಸದಾಗಿ ತಿಳಿದುಕೊಳ್ಳಬೇಕಾಗಿರಲಿಲ್ಲ ಎಂದಳು. ಆಮೇಲೆ ಅಂಚೆಯವನ ಗಂಟೆ ಕೇಳಿದರೂ ತಿರುಗಿ ನೋಡುತ್ತಿರಲಿಲ್ಲ.

ನಾನು ಆ ಮಾತನ್ನು ಕೆಲವು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ನಿಲ್ಲಲಿಲ್ಲ ಎಂದಳಲ್ಲ, ಹಾಗಾದರೆ ನಾವು ಕತ್ತರಿಸಿದ ಆ ತುದಿಗಳು ಎಲ್ಲಿ ಹೋದವು? ಬಿಸಾಡಿದ ನೆನಪಿಲ್ಲ. ಯಜಮಾನರು ಚಿಂದಿಯನ್ನೂ ಬಿಸಾಡುವವರಲ್ಲ, ಹೊರಗೆ ಕಾಣದ ಒಳಭಾಗಕ್ಕೆ ಹೊಲಿದುಬಿಡುತ್ತಿದ್ದರು. ಅವರ ಹಳೆಯ ಪ್ಯಾಂಟೊಂದು ಟ್ರಂಕಿನಲ್ಲಿತ್ತು. ತೆಗೆದು ಅದರ ಜೇಬನ್ನು ಹೊರಕ್ಕೆ ಎಳೆದೆ. ಜೇಬಿನ ಒಳಚೀಲ ಬಿಳಿ ಬಟ್ಟೆಯದು. ಅದರ ಮೂಲೆಯಲ್ಲಿ, ಒಗೆದೊಗೆದು ಮಾಸಿದ ನೀಲಿಯಲ್ಲಿ, ದೇಟು ಮತ್ತು ಎಲೆ.

ನಾದಿನಿ ಅವರೆಕಾಯಿ ಬಿಡಿಸುತ್ತಿದ್ದಳು. ಪ್ಯಾಂಟನ್ನು ಅವಳ ಮಡಿಲಿಗೆ ಹಾಕಿದೆ. ಜೇಬನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಂದು ಎಲೆಗೆ ತುದಿ ಇರಲಿಲ್ಲ. ಒಮ್ಮೆ ಅವಳ ಅಚ್ಚು ಕಲ್ಲುನೆಲಕ್ಕೆ ಬಿದ್ದು ಎಲೆಯ ತುದಿ ಹಾರಿತ್ತಂತೆ. ಯಾರಿಗೂ ಹೇಳದೆ ಕೊನೆಯವರೆಗೂ ಅದರಲ್ಲೇ ಒತ್ತಿದ್ದಳಂತೆ. ಗಿರಣಿಯಲ್ಲಿ ಅಂಥ ಅಚ್ಚು ಬೇರೆ ಇರಲಿಲ್ಲ.

"ಇದು ನಂದೇ," ಎಂದಳು. "ಇಷ್ಟು ವರ್ಷ ಅಣ್ಣನ ಜೇಬಲ್ಲಿತ್ತಾ?"

"ಅವರದ್ದೊಂದೇ ಅಲ್ಲ ಕಣೇ. ಈ ಬೀದೀಲಿ ನಮ್ಮಲ್ಲಿ ಪ್ಯಾಂಟ್ ಹೊಲಿಸಿದೋರ ಜೇಬಿಗೆಲ್ಲ ಇದೇ ಬಟ್ಟೆ."

ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಸಿಡುಕಿದಳು. "ಒಂದು ಮಾತು ಹೇಳೋಕೆ ನಿಮಗೇನಾಗಿತ್ತು ಅತ್ತಿಗೆ?"

"ಜೇಬಿನ ಒಳಗೆ ಏನಿದೆ ಅಂತ ಯಾವ ದರ್ಜಿ ಹೆಂಡ್ತಿ ಹೇಳ್ಕೊಂಡು ತಿರುಗ್ತಾಳೆ?"

ಆ ಸಂಜೆ ಡಬ್ಬಿ ಮಂಚದ ಕೆಳಗಿನಿಂದ ಹೊರಬಂತು. ಅಟ್ಟೆಯಲ್ಲಿ ದೇಟು ಮತ್ತು ಎರಡು ಎಲೆ ಕೊರೆದಳು. ಪೂರ್ತಿ ಮುಗಿಸಿ, ಕಣ್ಣಿಗೆ ಹತ್ತಿರ ಹಿಡಿದು, ಒಂದು ಎಲೆಯ ತುದಿಯನ್ನು ಬೇಕೆಂದೇ ಬ್ಲೇಡಿನಿಂದ ಹಾರಿಸಿದಳು. ಬೂದು ಬಣ್ಣದ ದಪ್ಪ ಕಾಗದದ ಕಾರ್ಡು ಮಾಡಿ, ಅದರ ನಡುವೆ ಪ್ಯಾಂಟಿಗಿರುವಂತೆ ಓರೆಯಾಗಿ ಸೀಳಿ ಜೇಬಿನ ಬಾಯಿ ತೆರೆದಳು. ಒಳಗೆ ತೆಳುವಾದ ಬಿಳಿ ಕಾಗದದ ಚೀಲ. ಹೊರಗೆ ಎಳೆದರೆ ಅದರ ಮೂಲೆಯಲ್ಲಿ ಠಸ್ಸೆ. ಚೀಲದೊಳಗೆ ಮಡಚಿದ ಚೀಟಿಯಲ್ಲಿ ಯಾರು ಯಾರಿಗೆ ಏನು ಬರೆಯಬೇಕೋ ಬರೆದುಕೊಳ್ಳಬಹುದು. ಕಾರ್ಡಿನ ನಡುವೆ ಈಗಲೂ ಶಾಯಿ ಇಲ್ಲ, ಆದರೆ ಕೈ ಹಾಕಲು ಒಂದು ಜಾಗ ಇತ್ತು.

ವಿಧಾನವನ್ನು ಅವಳು ಹೇಳಿದಳು, ಟೀಚರ್ ಬರೆದರು. ಮುರಿದ ಎಲೆಯನ್ನು ಸರಿಮಾಡಿಬಿಡಿ, ತಪ್ಪು ಅಂದುಕೊಳ್ಳುತ್ತಾರೆ ಎಂದು ಟೀಚರ್ ಸೂಚಿಸಿದ್ದಕ್ಕೆ, ಅದು ಇರುವುದೇ ಹಾಗೆ ಎಂದಳು. ಟೀಚರ್ ಹಾಗೆಯೇ ಲಕೋಟೆಗೆ ಹಾಕಿ ಕಳುಹಿಸಿದರು.

ಈ ಸಲ ಕಾರ್ಡು ವಾಪಸು ಬರಲಿಲ್ಲ. ಬಹಳ ದಿನ ಏನೂ ಬರಲಿಲ್ಲ. ದಾರಿಯಲ್ಲಿ ಕಳೆದುಹೋಯಿತೇನೋ ಎಂದು ನಾನು ಒಳಗೇ ಹೆದರಿದ್ದೆ. ಅವಳು ಹೆದರಿದ್ದು ಅಡುಗೆಯಲ್ಲಿ ಗೊತ್ತಾಗುತ್ತಿತ್ತು, ಒಂದು ದಿನ ಉಪ್ಪಿಲ್ಲ, ಇನ್ನೊಂದು ದಿನ ಉಪ್ಪೇ ಎಲ್ಲ. ಕೊನೆಗೊಂದು ಬೆಳಿಗ್ಗೆ ಟೀಚರ್ ಮೆಟ್ಟಿಲನ್ನು ಎಂದಿಗಿಂತ ಬೇಗ ಇಳಿದು ಬಂದರು. ಕೈಯಲ್ಲಿ ಪತ್ರಿಕೆ ಇತ್ತು. ತೆರೆದ ಪುಟದಲ್ಲಿ ಜೇಬು ಹೊರಗೆಳೆದ ಕಾರ್ಡು, ನಾಲ್ಕೂ ಅಂಚು ಕಾಣುವ ಹಾಗೆ. ಮೂಲೆಯ ನೀಲಿ ಠಸ್ಸೆ, ತುದಿಯಿಲ್ಲದ ಎಲೆ. ಕೆಳಗೆ ಅವಳ ಹೆಸರು. ಆ ಸಾಲನ್ನು ನಾನೇ ಅಕ್ಷರ ಕೂಡಿಸಿ ಓದಿದೆ, ಟೀಚರ್ ತಡೆದುಕೊಂಡರು. ವಿಧಾನದಲ್ಲಿ ಒಂದು ಕಡೆ, ಠಸ್ಸೆಯನ್ನು ಮೂಲೆಯಲ್ಲಿಯೇ ಒತ್ತಬೇಕು ಎಂದು ಅಚ್ಚಾಗಿತ್ತು. ಅದನ್ನು ಮಾತ್ರ ಅವಳು ಎರಡು ಸಲ ಓದಿಸಿಕೊಂಡಳು.

ಈ ಪ್ರತಿ ನಿಮ್ಮದೇ, ನನಗೆ ಬೇರೆ ತರಿಸಿಕೊಳ್ಳುತ್ತೇನೆ ಎಂದು ಟೀಚರ್ ಕೊಟ್ಟು ಹೋದರು. ಗೋಡೆಗೆ ಕಟ್ಟು ಹಾಕಿಸೋಣ ಎಂದು ನನಗನ್ನಿಸಿತು. ಮೇಜಿನ ಮೇಲೆ ಪತ್ರಿಕೆಯನ್ನು ಹಾಸಿ, ಸುಕ್ಕು ಸವರಿ, ಯಜಮಾನರ ಕತ್ತರಿಯನ್ನು ತೆಗೆದುಕೊಂಡೆ. ಕೈ ಅಭ್ಯಾಸದಂತೆ ಅಂಚಿಗೆ ಹೋಯಿತು.

ನಾದಿನಿ ಪುಟದ ಮೇಲೆ ಅಂಗೈ ಇಟ್ಟಳು.

"ಅತ್ತಿಗೆ, ಇದೊಂದನ್ನಾದ್ರೂ ಕತ್ತರಿಸ್ಬೇಡಿ."

ಕತ್ತರಿಯನ್ನು ಮೊಳೆಗೆ ತೂಗುಹಾಕಿದೆ. ಪತ್ರಿಕೆ ಈಗಲೂ ಇಡಿಯಾಗಿಯೇ ಇದೆ, ಗೋಂದಿನ ಜಾಹೀರಾತು, ಉಲ್ಲನ್ ದಾರದ ಜಾಹೀರಾತು ಎಲ್ಲದರ ಸಮೇತ. ನೋಡಲು ಬಂದವರಿಗೆ ಕೊಡುತ್ತಾಳೆ. ಅವರು ನೋಡಿ ಹಿಂದಿರುಗಿಸುವವರೆಗೂ ಎದುರಿಗೇ ಕೂತಿರುತ್ತಾಳೆ.