ಬಾಜೂಕ ಸರಿಯಬೇಕಾದವರು ಯಾರು?

“ಕೈ ತಗಿ ಮೊದ್ಲ!”

ಖಾನಾಪುರದ ಬಸ್ಸು ಪೀರನವಾಡಿ ದಾಟುತ್ತಿದ್ದಂತೆ, ನನ್ನ ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿ ಪಕ್ಕದ ಗಂಡಸಿನ ಮೇಲೆ ಸಿಡಿದಳು. ಬಸ್ಸಿನ ದಯಾಳುಗಳೆಲ್ಲ ತಕ್ಷಣ ಅವಳಿಗೇ ಬೇರೆ ಜಾಗ ಹುಡುಕತೊಡಗಿದರು.

“ಬಾಜೂಕ ಸರಿ ತಂಗಿ, ಇಲ್ಲಿ ಬಂದು ಕುಂದರು. ಗದ್ದಲ ಯಾಕ?” ಎಂದರು ಹಿರಿಯರೊಬ್ಬರು.

“ಕೈ ಹಾಕಿದಾಂವ ಅಂವ. ಸರಿಯೂದು ನಾನೇನ್ರಿ ಕಾಕಾ?”

ಅವನನ್ನು ಠಾಣೆಗೆ ಒಪ್ಪಿಸೋಣವೆಂದು ನಾನು ಎದ್ದಾಗ ಮಾತ್ರ ಎಲ್ಲರಿಗೂ ತಡವಾಗುವುದು ನೆನಪಾಯಿತು. ಅವರ ದಯೆಯ ಸೀಟನ್ನು ನಿರಾಕರಿಸಿದ ಹುಡುಗಿ ಖಾನಾಪುರದವರೆಗೂ ನಿಂತೇ ಬಂದಳು. ಅವನು ಇಬ್ಬರ ಸೀಟಿನಲ್ಲಿ ಒಬ್ಬನೇ ಕಾಲು ಚಾಚಿ ಕುಳಿತ.

‘ಬಾಜೂಕ ಸರಿ’ ಎಂಬ ಎರಡು ಪದಗಳನ್ನು ಕೈ ಹಾಕಿದವನಿಗೆ ಹೇಳಲಾರದ ನಾಲಗೆಗಳು, ಹೆಣ್ಣುಮಕ್ಕಳನ್ನು ‘ತಂಗಿ’ ಎಂದು ಕರೆಯುವುದನ್ನಾದರೂ ಬಿಡಲಿ.